ಇಲಿಯ ಸಂಕೋಚ

ತಿಂಡಿಯ ಜಾಹೀರಾತಿನಲ್ಲಿ ಇಲಿ ಎಂದರೆ ಯಾರಿಗಾದರೂ ಮುಖ ಸಿಂಡರಿಸುವಂತಾಗುತ್ತದೆ. ಆದರೆ ಚೌತಿಯ ಜಾಹೀರಾತಿಗೆ ಇಲಿ ಬೇಕೇ ಬೇಕು, ಅದೂ ಗಣಪನ ಪಕ್ಕದಲ್ಲೇ, ಕರಿಗಡುಬಿನ ತಟ್ಟೆಯ ಹತ್ತಿರವೇ. ಕಾಳು ಕದಿಯುವ ಪ್ರಾಣಿಯನ್ನು ವಿಘ್ನೇಶ್ವರನ ವಾಹನವನ್ನಾಗಿ ಮಾಡುವುದು ಅನಿಮೇಷನ್‌ನವರ ಪಾಲಿನ ಕೆಲಸ. ನನಗೆ ಇಷ್ಟು ರುಚಿಸುವ ಕೆಲಸ ಇನ್ನೊಂದಿಲ್ಲ.

ನಮ್ಮ ಚೌತಿ ಆಷಾಢದಲ್ಲೇ ಬಂದುಬಿಡುತ್ತದೆ. ಹೊರಗೆ ಜಡಿಮಳೆ, ಸ್ಟುಡಿಯೋದೊಳಗೆ ಮಾವಿನ ತೋರಣ, ಬಾಳೆಕಂದು, ರೇಷ್ಮೆ ಲಂಗದ ಪುಟ್ಟ ಹುಡುಗಿ. ಅವಳು ನೋಡಬೇಕಾದದ್ದು ಕೋಲಿನ ತುದಿಗೆ ಸಿಕ್ಕಿಸಿದ ಟೆನಿಸ್ ಚೆಂಡನ್ನು. "ಅಂಕಲ್, ಇಲಿ ಎಲ್ಲಿ?" ಎನ್ನುತ್ತಾಳೆ. "ಇನ್ನೂ ಹುಟ್ಟಿಲ್ಲ ಪುಟ್ಟಿ." ಶಾಟ್ ಮುಗಿದ ಕೂಡಲೇ ಅದೇ ಜಾಗದಲ್ಲಿ ಕನ್ನಡಿಯಂತೆ ಹೊಳೆಯುವ ಒಂದು ಗುಂಡು, ಬೂದು ಬಣ್ಣದ ಇನ್ನೊಂದು ಗುಂಡು ಹಿಡಿದು ಚಿತ್ರ ತೆಗೆದುಕೊಳ್ಳುತ್ತೇವೆ. ಯಾವ ಬೆಳಕು ಎಲ್ಲಿಂದ ಬಂತೆಂದು ಮೊದಲನೆಯದು ಹೇಳುತ್ತದೆ, ನೆರಳು ಎಷ್ಟು ಗಾಢವೆಂದು ಎರಡನೆಯದು. ಹುಟ್ಟಲಿರುವ ಇಲಿಯ ಮೇಲೆ ಬೀಳಬೇಕಾದ ಬೆಳಕು ಅದು.

ಅಸಹ್ಯವೆಲ್ಲ ಇರುವುದು ಬಾಲದಲ್ಲಿ. ಬೋಳು ಬಾಲ ಬಿಟ್ಟರೆ ಜಾಹೀರಾತು ಮುಗಿಯಿತು. ಅದಕ್ಕೆ ನವಿರಾದ ಕೂದಲು ಹೊದಿಸಿ, ಬುಡ ದಪ್ಪ ಮಾಡಿ, ತುದಿಗೊಂದು ಬಾಗು ಕೊಡುತ್ತೇವೆ. ಕಿವಿಯ ಹಿಂದೆ ನಂದಾದೀಪ ಬಂದಾಗ ಆ ತೆಳು ಚರ್ಮದೊಳಗಿಂದ ಬೆಳಕು ಕೆಂಪಗೆ ಸೋಸಿ ಬರಬೇಕು. ಶೂಟಿಂಗ್‌ನಲ್ಲಿ ದೀಪದ ಕುಡಿ ಅಲುಗಿದ ಹಾಗೆಲ್ಲ ಕಂಪ್ಯೂಟರಿನೊಳಗಿನ ದೀಪವೂ ಅಲುಗಬೇಕು. ಇದನ್ನು ಯಾರೂ ಗಮನಿಸುವುದಿಲ್ಲ. ತಪ್ಪಿದರೆ ಮಾತ್ರ, ಇಲಿಯನ್ನು ಕತ್ತರಿಸಿ ಅಂಟಿಸಿದಂತಿದೆ ಎಂದು ಮನೆಯ ಅಜ್ಜಿಗೂ ಗೊತ್ತಾಗುತ್ತದೆ.

ಆದರೂ ರೂಪಕ್ಕಿಂತ ನಡೆ ದೊಡ್ಡದು. 2009ರ ಐಪಿಎಲ್ ಹೊತ್ತಿಗೆ ಜಾಹೀರಾತುಗಳಲ್ಲಿ ಬಂದ ಜೂಜೂಗಳನ್ನು ಎಷ್ಟೋ ಜನ ಅನಿಮೇಷನ್ ಎಂದೇ ನಂಬಿದ್ದರು. ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನವರು ಮಾಡಿದ ಆ ಬಿಳಿ ಬೊಂಬೆಗಳ ಒಳಗಿದ್ದವರು ಮನುಷ್ಯರು! ನಂಬಿಸಿದ್ದು ಅವುಗಳ ನಡಿಗೆ.

ನಿಜವಾದ ಇಲಿ ಸರ್ರನೆ ಓಡಿ ಗಕ್ಕನೆ ನಿಲ್ಲುತ್ತದೆ. ನಮ್ಮದು ಹಾಗೆ ಓಡಿದರೆ ಕಳ್ಳನೇ ಸರಿ. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಅನಿಮೇಷನ್ನಿನ 12 ಸೂತ್ರ ಕೊಟ್ಟಿದ್ದಾರೆ. ಅದರಲ್ಲೊಂದು, ಯಾವುದೇ ಚಲನೆಗೆ ಮುಂಚೆ ಅದರ ಸುಳಿವು ಕಾಣಬೇಕೆಂಬುದು. ಎತ್ತುವವನು ಮೊದಲು ಕುಗ್ಗಬೇಕು, ಜಿಗಿಯುವವನು ಮೊದಲು ಹಿಂದೆ ಸರಿಯಬೇಕು. ನಮ್ಮ ಇಲಿ ಕಡುಬಿನತ್ತ ಕೈ ಚಾಚುತ್ತದೆ, ನಿಲ್ಲುತ್ತದೆ. ಮೊದಲು ಕಣ್ಣು ಹೊರಳುತ್ತದೆ, ಆಮೇಲೆ ರೆಪ್ಪೆ ಬಡಿಯುತ್ತದೆ, ಆಮೇಲೆಯೇ ತಲೆ ಗಣಪನ ಕಡೆಗೆ ತಿರುಗುತ್ತದೆ. ಚಾಚಿದ ಕೈ ಎದೆಗೆ ಬರುತ್ತದೆ. ಮೀಸೆ ಒಮ್ಮೆ ನಡುಗುತ್ತದೆ. ತೆಗೆದುಕೊಳ್ಳಲೇ ಎಂದು ಅಪ್ಪಣೆ ಕೇಳುವುದು ಇಷ್ಟರಲ್ಲೇ ಆಗಬೇಕು. ಟೀವಿಯಲ್ಲಿ ಸೆಕೆಂಡಿಗೆ 25 ಚೌಕಟ್ಟು, ಅರ್ಧ ನಿಮಿಷಕ್ಕೆ 750. ಈ ಸಂಕೋಚಕ್ಕೆ ನಾಲ್ಕು ಚೌಕಟ್ಟು ಕಡಿಮೆಯಾದರೆ ಗಾಬರಿ, ನಾಲ್ಕು ಹೆಚ್ಚಾದರೆ ನಾಟಕ. ಒಂದೊಂದೇ ಚೌಕಟ್ಟು ಹಿಂದೆ ಮುಂದೆ ಸರಿಸುತ್ತ ಕೂತರೆ ನನಗೆ ಊಟದ ಹೊತ್ತೂ ನೆನಪಾಗದು.

ಕಡುಬು ಮಾತ್ರ ನಿಜದ್ದು. ಸೆಟ್ಟಿನಲ್ಲಿ ಅದನ್ನು ಸಣ್ಣ ದಾರದಿಂದ ಎಳೆದಿರುತ್ತಾರೆ. ಆ ದಾರವನ್ನು ಚೌಕಟ್ಟು ಚೌಕಟ್ಟಿಗೆ ಅಳಿಸಿ, ಅಂಚಿನ ಮಡಿಕೆಗಳ ಮೇಲೆ ಇಲಿಯ ಬೆರಳು ಕೂರಿಸುತ್ತೇವೆ. ಬೆರಳು ಒಳಗೆ ಹೂತುಹೋಗಬಾರದು, ಮೇಲೆ ತೇಲಬಾರದು. ಇಲಿ ಸೊಂಟ ಇಳಿಸಿ, ಹಿಂಗಾಲು ಜಾರಿ, ಮೈಯೆಲ್ಲ ಹಿಂದಕ್ಕೆ ವಾಲಿದ ಮೇಲೆಯೇ ಕಡುಬು ಕದಲಿದರೆ ಅದರೊಳಗಿನ ಹೂರಣದ ಭಾರವೂ ತಿಳಿಯುತ್ತದೆ.

ಜಾಹೀರಾತು ಕೊಟ್ಟವರು ಬಂದು ನೋಡಿ, ಪೆಟ್ಟಿಗೆಯ ಮೇಲಿನ ಹೆಸರು ಇನ್ನಷ್ಟು ದೊಡ್ಡದಿರಲಿ ಎನ್ನುತ್ತಾರೆ. ಇರಲಿ, ದುಡ್ಡು ಅವರದು. ಆದರೆ ಹತ್ತು ಸೆಕೆಂಡಿನ ತುಂಡು ಆವೃತ್ತಿ ಮಾಡುವಾಗ ಎಡಿಟರ್ ಮೊದಲು ಕತ್ತರಿ ಹಾಕುವುದು ಆ ಸಂಕೋಚಕ್ಕೇ. ಆ ಹೊತ್ತಿಗೆ ನಾನು ಕಾಫಿ ಕುಡಿಯುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತೇನೆ.