ಚಕ್ರದ ನೇರ, ಮನೆಯ ದಾರ

ಮನೆಯಲ್ಲೇ ಮಾಡಿಕೊಳ್ಳುವ ಕೆಲಸ ಯಾವುದು, ಹೊರಗೆ ಕೊಟ್ಟು ಮಾಡಿಸುವ ಕೆಲಸ ಯಾವುದು ಎಂಬ ವಿಷಯದಲ್ಲಿ ಪ್ರತಿಯೊಂದು ಸಂಸಾರಕ್ಕೂ ಒಂದು ಅಲಿಖಿತ ಶಾಸನವಿರುತ್ತದೆ. ಹಪ್ಪಳ ಸಂಡಿಗೆ ಮನೆಯಲ್ಲಿ. ಗಡಿಯಾರದ ರಿಪೇರಿ ಹೊರಗೆ. ಗುಂಡಿ ಹಾಕಿಕೊಳ್ಳುವುದು ಮನೆಯಲ್ಲಿ. ಕೋಟು ಹೊಲಿಸುವುದು ಹೊರಗೆ. ಕಾರಿನ ಚಕ್ರಗಳನ್ನು ನೇರಮಾಡುವ ಕೆಲಸ, ಎಂದರೆ ಎಲ್ಲರ ಬಾಯಲ್ಲೂ ಇರುವ ‘ವೀಲ್ ಅಲೈನ್‌ಮೆಂಟ್’, ಈ ಶಾಸನದ ಯಾವ ಕಲಮಿಗೆ ಸೇರುತ್ತದೆಂಬುದು ನಮ್ಮ ಮನೆಯಲ್ಲಿ ಎರಡು ವಾರ ಚರ್ಚೆಗೆ ಒಳಗಾಯಿತು.

ಕನ್ನಡ ಎಂ.ಎ. ಮಾಡಿ ಹಳಗನ್ನಡ ವ್ಯಾಕರಣ ಪಾಠ ಹೇಳುವವನಿಗೂ ಈ ವಿದ್ಯೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಸಂಸಾರದ್ದು. ನಮ್ಮ ಸಣ್ಣ ಕಾರನ್ನು ಓಡಿಸುವವಳು ನನ್ನ ಹೆಂಡತಿ. ಮಗಳನ್ನು ಶಾಲೆಗೆ ಬಿಟ್ಟು, ಅವಳು ಕಛೇರಿಗೆ ಹೋಗುವುದು ಅದರಲ್ಲೇ.

ಮಳೆಗಾಲದಲ್ಲಿ ರಸ್ತೆಯ ಗುಂಡಿಯೊಂದಕ್ಕೆ ಚಕ್ರ ಇಳಿದಂದಿನಿಂದ ಕಾರಿನ ನಡಿಗೆ ಕೆಟ್ಟಿತು. ಸ್ಟಿಯರಿಂಗನ್ನು ನೇರವಾಗಿ ಹಿಡಿದರೆ ಕಾರು ಎಡಕ್ಕೆ ಸರಿಯುತ್ತಿತ್ತು. ಕಾರು ನೇರವಾಗಿ ಹೋಗಬೇಕಾದರೆ ಸ್ಟಿಯರಿಂಗು ಬಲಕ್ಕೆ ಓರೆಯಾಗಿ ನಿಲ್ಲಬೇಕು. ಟೈರುಗಳ ಗಾಳಿಯೇನೋ ಸರಿಯಾಗಿತ್ತು. ಒಂದು ಗ್ಯಾರೇಜಿಗೆ ಒಯ್ದೆವು. ಯಂತ್ರದ ಕಣ್ಣುಗಳು ಚಕ್ರಗಳನ್ನು ನೋಡಿದುವು. ಅಂಕಿಗಳೆಲ್ಲ ಹಸಿರು ಬಣ್ಣದಲ್ಲಿ ಅಚ್ಚಾದ ಕಾಗದವೊಂದು ನಮ್ಮ ಕೈಗೆ ಬಂತು. ಹದಿನೈದು ದಿನಗಳಲ್ಲಿ ಹಳೆಯ ಚಾಳಿ ಮರಳಿತು. ಮುಂದಿನ ಟೈರಿನ ಮೇಲೆ ಅಡ್ಡಡ್ಡಲಾಗಿ ಕೈಯಾಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ!

ಇಲ್ಲಿ ಸ್ವಲ್ಪ ಶಾಸ್ತ್ರ ಬೇಕು. ಚಕ್ರದ ನಿಲುವಿಗೆ ಮುಖ್ಯವಾಗಿ ಮೂರು ಲಕ್ಷಣಗಳುಂಟು. ನಡೆಯುವಾಗ ಕೆಲವರ ಪಾದ ಒಳಕ್ಕೋ ಹೊರಕ್ಕೋ ತಿರುಗಿರುವಂತೆ ಚಕ್ರದ ಮುಂಭಾಗ ತಿರುಗಿದ್ದರೆ ಅದು ‘ಟೋ’. ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ಅಥವಾ ಹೊರಕ್ಕೆ ವಾಲಿದ್ದರೆ ಅದು ‘ಕ್ಯಾಂಬರ್’. ಚಕ್ರವು ಯಾವ ಅಕ್ಷದ ಸುತ್ತ ಎಡಬಲಕ್ಕೆ ತಿರುಗುವುದೋ ಅದು, ಪಕ್ಕದಿಂದ ನೋಡಿದಾಗ, ಹಿಂದಕ್ಕೋ ಮುಂದಕ್ಕೋ ಬಾಗಿರುವುದು ‘ಕ್ಯಾಸ್ಟರ್’. ಕ್ಯಾಂಬರ್ ಕೆಟ್ಟರೆ ಟೈರಿನ ಒಂದು ಅಂಚು ಸವೆಯುತ್ತದೆ; ಗರಗಸದ ಹಲ್ಲು ಮೂಡಿಸುವುದು ಸಾಮಾನ್ಯವಾಗಿ ಟೋ.

ನೆರೆಮನೆಯ ನಿವೃತ್ತ ಓವರ್‌ಸಿಯರರು ಈ ವೃತ್ತಾಂತ ಕೇಳಿ, “ಯಂತ್ರ ಏಕೆ ಮೇಷ್ಟ್ರೇ? ನಾವು ಮೈಲಿಗಟ್ಟಲೆ ನಾಲೆಗಳನ್ನೇ ದಾರ ಹಿಡಿದು ತೋಡಿಸಿದ್ದೇವೆ” ಎಂದರು. ಮರುದಿನ ಭಾನುವಾರ. ಮಟ್ಟವಾದ ನೆಲದಲ್ಲಿ ಕಾರನ್ನು ಸ್ವಲ್ಪ ಮುಂದಕ್ಕೆ ಉರುಳಿಸಿ ನಿಲ್ಲಿಸಿದೆವು. ಸ್ಟಿಯರಿಂಗನ್ನು ನೇರವಾಗಿ ಕಟ್ಟಿಹಾಕಿದೆವು. ಎರಡು ಪಕ್ಕದಲ್ಲೂ ಚಕ್ರದ ನಡುಮಟ್ಟಕ್ಕೆ ದಾರ ಎಳೆದೆವು. ಮುಂದಿನ ಚಕ್ರಗಳ ನಡುವಣ ಅಂತರವೂ ಹಿಂದಿನವುಗಳ ಅಂತರವೂ ಒಂದೇ ಆಗಿರಬೇಕಾಗಿಲ್ಲ. ಆದ್ದರಿಂದ ದಾರವನ್ನು ಟೈರಿಗೆ ತಾಗಿಸದೆ, ಎರಡು ದಾರಗಳೂ ಒಂದಕ್ಕೊಂದು ಸಮಾನಾಂತರವಾಗಿ, ಎಡಬಲದ ಚಕ್ರಗಳ ನಡುಬಿಂದುವಿನಿಂದ ಸಮದೂರದಲ್ಲಿ ಇರುವಂತೆ ಕಟ್ಟಬೇಕು. ಆಮೇಲೆ ರಿಮ್ಮಿನ ಮುಂದಣ ಅಂಚಿನಿಂದಲೂ ಹಿಂದಣ ಅಂಚಿನಿಂದಲೂ ದಾರಕ್ಕಿರುವ ದೂರವನ್ನು ಉಕ್ಕಿನ ಪಟ್ಟಿಯಿಂದ ಅಳೆದರಾಯಿತು. ಎರಡರ ವ್ಯತ್ಯಾಸವೇ ಟೋ.

ಬಲಚಕ್ರ ಹೆಚ್ಚುಕಡಿಮೆ ನೇರವಾಗಿತ್ತು. ಎಡಚಕ್ರದ ಮುಂಭಾಗ 3 ಮಿಲಿಮೀಟರು ಹೊರಕ್ಕೆ ತಿರುಗಿತ್ತು. ಮೂರು ಮಿಲಿಮೀಟರು ಮಹಾ ಏನೆಂದು ತಳ್ಳಿಹಾಕುವಂತಿಲ್ಲ. ರಿಮ್ಮಿನ ಅಡ್ಡಳತೆ ಸುಮಾರು 40 ಸೆಂಟಿಮೀಟರು ಎಂದುಕೊಂಡರೆ, ಒಂದೇ ಮಿಲಿಮೀಟರಿನ ಓರೆಯಿಂದ ಟೈರು ಪ್ರತಿ ಕಿಲೋಮೀಟರಿಗೆ ಎರಡೂವರೆ ಮೀಟರಿನಷ್ಟು ಪಕ್ಕಕ್ಕೆ ಉಜ್ಜಿಕೊಂಡು ಹೋದ ಲೆಕ್ಕ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 145 ಕಿಲೋಮೀಟರು. ಅಷ್ಟು ದೂರದಲ್ಲಿ ಉಜ್ಜಾಟ ಸುಮಾರು 360 ಮೀಟರು. ಮೂರು ಮಿಲಿಮೀಟರಾದರೆ ಒಂದು ಕಿಲೋಮೀಟರನ್ನೂ ಮೀರುತ್ತದೆ. ಸವೆಯದೆ ಏನು ಮಾಡೀತು, ಬಡಪಾಯಿ ರಬ್ಬರು?

“ಟೈ ರಾಡಿನ ನಟ್ಟು ಸಡಿಲಿಸಿ ಸ್ವಲ್ಪ ತಿರುಗಿಸಿದರೆ ಮುಗಿಯಿತು” ಎಂದು ಓವರ್‌ಸಿಯರರು ಸ್ಪ್ಯಾನರ್ ತರಲು ಎದ್ದರು. ಅವರ ಮಾತಿನಲ್ಲಿ ಹುರುಳಿರಲಿಲ್ಲವೆಂದಲ್ಲ; ಟೋ ತಿದ್ದುವ ಕ್ರಮ ಅದೇ. ಆಗ ಇಷ್ಟು ಹೊತ್ತೂ ಸುಮ್ಮನೆ ನೋಡುತ್ತ ನಿಂತಿದ್ದ ನನ್ನ ಹೆಂಡತಿ ಕೇಳಿದಳು: “ರೀ, ಚಕ್ರ ಮೂರು ಮಿಲಿಮೀಟರು ಹೊರಗಿದೆ ಅಂತ ದಾರ ಹೇಳಿತು. ಯಾಕೆ ಹೊರಗಿದೆ ಅಂತ ಹೇಳಿತೆ? ನಾಳೆ ಮಗುವನ್ನು ಕೂರಿಸಿಕೊಂಡು ಹೋಗುವವಳು ನಾನು.”

ಸ್ಪ್ಯಾನರ್ ಪೆಟ್ಟಿಗೆಗೆ ಮರಳಿತು.

ಮಾರನೆಯ ದಿನ ಇನ್ನೊಂದು ಗ್ಯಾರೇಜಿಗೆ ಹೋದೆವು. ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಯಂತ್ರದ ಹತ್ತಿರ ಸುಳಿಯಲೇ ಇಲ್ಲ. ಕಾರನ್ನು ಮೇಲೆತ್ತಿಸಿ, ಎಡಚಕ್ರವನ್ನು ಗಡಿಯಾರದ ಒಂಬತ್ತು ಮತ್ತು ಮೂರು ಗಂಟೆಯ ಜಾಗದಲ್ಲಿ ಎರಡು ಕೈಯಿಂದ ಹಿಡಿದು ಅಲುಗಿಸಿದ. ‘ಲೊಟಕ್’ ಎಂದಿತು. ಟೈ ರಾಡಿನ ತುದಿಯ ಗುಂಡು ಸವೆದು ಸಡಿಲವಾಗಿತ್ತು. “ಅಮ್ಮಾ, ಇದನ್ನು ಬದಲಾಯಿಸದೆ ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ನಿಲ್ಲೋದಿಲ್ಲ” ಎಂದ. ಮೊದಲು ಹೊಸ ತುದಿ, ಆಮೇಲೆ ಯಂತ್ರ. ಮನೆಗೆ ಬಂದು ಮತ್ತೆ ದಾರ ಕಟ್ಟಿ ನೋಡಿದೆವು; ಎಡಬಲಗಳ ವ್ಯತ್ಯಾಸ ಅರ್ಧ ಮಿಲಿಮೀಟರಿನೊಳಗಿತ್ತು.

ಹಾಗಾದರೆ ಈ ಕೆಲಸ ಮನೆಯದೋ ಹೊರಗಿನದೋ? ಅಳೆಯುವುದು ಮನೆಯದೆಂದು ನನ್ನ ತೀರ್ಮಾನ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಕ್ಯಾಂಬರನ್ನೂ ಸುಮಾರಾಗಿ ನೋಡಬಹುದು. ಆದರೆ ಅನೇಕ ಸಣ್ಣ ಕಾರುಗಳಲ್ಲಿ ಅದನ್ನು ತಿದ್ದುವ ಏರ್ಪಾಡೇ ಇರುವುದಿಲ್ಲ. ಕ್ಯಾಸ್ಟರ್ ಮನೆಯ ಅಳತೆಗೆ ಸುಲಭವಾಗಿ ಸಿಕ್ಕುವುದಲ್ಲ. ತಿದ್ದುವುದೂ, ಸವೆದ ಕೀಲನ್ನು ಕೈಯಿಂದಲೇ ಗುರುತಿಸುವುದೂ ಬಲ್ಲವರ ಕೆಲಸ. ಆದರೆ ಹಸಿರು ಅಂಕಿಯ ಕಾಗದವಷ್ಟನ್ನೇ ಕೊಡುವ ಗ್ಯಾರೇಜಿಗೂ ಚಕ್ರವನ್ನು ಅಲುಗಿಸಿ ನೋಡುವ ಗ್ಯಾರೇಜಿಗೂ ಇರುವ ಅಂತರವನ್ನು ನಮಗೆ ತಿಳಿಸಿಕೊಟ್ಟದ್ದು ಮನೆಯ ದಾರವೇ.

ನಮ್ಮ ಹಿರಿಯರು ಬಂಡಿ ಹೂಡುವ ಮುನ್ನ ಕಡೆಗೀಲನ್ನು ಮುಟ್ಟಿ ನೋಡುತ್ತಿದ್ದರು. ಹಾಗೆಂದು ಬಡಗಿಯನ್ನು ಅವರು ಬಿಟ್ಟಿರಲಿಲ್ಲ. ಚಕ್ರವನ್ನು ಮಾಡುವವನು ಅವನು. ಅದರ ಮೇಲೆ ಮಕ್ಕಳನ್ನು ಕೂರಿಸುವವರು ತಾವು ಎಂಬುದು ಅವರಿಗೆ ಗೊತ್ತಿತ್ತು.