ಹೊಸ ಕಂಠ

ವೀಣೆಯ ತಂತಿ ಕಡಿದರೆ ಬೇರೊಂದು ತಂತಿಯನ್ನು ಬಿಗಿಯಬಹುದು. ಮೃದಂಗದ ಚರ್ಮ ಹರಿದರೆ ಹೊಸ ಚರ್ಮವನ್ನು ಹೊದಿಸಬಹುದು. ಕಂಠದ ವಿಷಯ ಹಾಗಲ್ಲ. ಅಭ್ಯಾಸವಿಲ್ಲದೆಯೂ ರಾಗವನ್ನು ಪ್ರಕಟಿಸಬಲ್ಲ ಧ್ವನಿಶಕ್ತಿಗೆ ಸಂಗೀತರತ್ನಾಕರದ ಶಾರ್ಙ್ಗದೇವನು ‘ಶಾರೀರ’ವೆಂದು ಹೆಸರಿಟ್ಟು, ಅದು ಶರೀರದೊಡನೆಯೇ ಹುಟ್ಟುವುದು ಆ ಹೆಸರಿಗೆ ಕಾರಣವೆಂದನು. ಆದಕಾರಣ ಹಾಡುಗಾರನು ಬದಲಾದರೆ ಮೇಳವೇ ಬೇರೆಯಾಯಿತೆಂದು ಕೇಳುವವರು ಭಾವಿಸುವುದು ಸಹಜವಾಗಿದೆ. ಹೀಗಿರುವಲ್ಲಿ ಹಳೆಯ ಮೇಳಕ್ಕೆ ಬರುವ ಹೊಸ ಗಾಯಕನ ಪಾಡೇನು? ಅಮೆರಿಕದ ‘ಡ್ರೀಮ್ ಥಿಯೇಟರ್’ ಎಂಬ ಮೇಳದ ವೃತ್ತಾಂತವು ಈ ಪ್ರಶ್ನೆಗೆ ಉತ್ತಮವಾದ ನಿದರ್ಶನ.

1985ರಲ್ಲಿ ಬಾಸ್ಟನ್ ನಗರದ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದ ಜಾನ್ ಪೆಟ್ರೂಚಿ, ಜಾನ್ ಮ್ಯೂಂಗ್, ಮೈಕ್ ಪೋರ್ಟ್ನಾಯ್ ಎಂಬ ಮೂವರು ಯುವಕರು ಈ ಮೇಳವನ್ನು ಕಟ್ಟಿದರು. ವಿದ್ಯುತ್ ಗಿಟಾರಿನ ಘನಘೋಷ, ಪದೇಪದೇ ಬದಲಾಗುವ ತಾಳ, ದೀರ್ಘವಾದ ರಚನೆ—ಇವು ಮೂರೂ ಕೂಡಿದ ಸಂಗೀತವನ್ನು ‘ಪ್ರೋಗ್ರೆಸಿವ್ ಮೆಟಲ್’ ಎನ್ನುತ್ತಾರೆ. 1989ರಲ್ಲಿ ಹೊರಬಂದ ಇವರ ಮೊದಲನೆಯ ಆಲ್ಬಮ್ಮಿನಲ್ಲಿ ಹಾಡಿದವರು ಚಾರ್ಲಿ ಡೊಮಿನಿಚಿ. ಅನಂತರ ಅವರು ಮೇಳದಿಂದ ಅಗಲಿದರು. ಬಳಿಕ ಬಹುಕಾಲ ಮೇಳಕ್ಕೆ ನೆಲೆಯಾದ ಕಂಠವೇ ಇರಲಿಲ್ಲ. ಅನೇಕ ಗಾಯಕರನ್ನು ಪರೀಕ್ಷಿಸಿದರು, ಯಾರೂ ನಿಲ್ಲಲಿಲ್ಲ. ಕಡೆಗೆ 1991ರಲ್ಲಿ ಕೆನಡಾ ದೇಶದಿಂದ ಧ್ವನಿಮುದ್ರಿಕೆಯನ್ನು ಕಳುಹಿಸಿದ ಜೇಮ್ಸ್ ಲಾಬ್ರೀ ಎಂಬವರು ಆರಿಸಲ್ಪಟ್ಟರು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ಗೀತವನ್ನು ವಾದ್ಯವೂ ವಾದ್ಯವನ್ನು ನೃತ್ತವೂ ಅನುಸರಿಸಬೇಕೆಂಬುದು ಶಾರ್ಙ್ಗದೇವನು ಹೇಳಿದ ಕ್ರಮ. ಈ ಮೇಳದಲ್ಲಿ ಆ ಕ್ರಮವು ತಲೆಕೆಳಗಾಯಿತು. ಗಾಯಕನನ್ನು ಹುಡುಕುತ್ತಿದ್ದ ಕಾಲದಲ್ಲಿಯೇ ವಾದ್ಯದವರು ಬಹುಪಾಲು ರಚನೆಗಳನ್ನು ಸಿದ್ಧಪಡಿಸಿದ್ದರು. ಲಾಬ್ರೀ ಅವರು ಅನ್ಯರು ಕಟ್ಟಿ ಮುಗಿಸಿದ ಮನೆಗೆ ದೀಪವನ್ನು ಹಿಡಿದು ಬಂದವರು. ಗೋಡೆಯನ್ನು ಸರಿಸುವಂತಿಲ್ಲ, ಬೆಳಕು ಮಾತ್ರ ಮೂಲೆಮೂಲೆಗೂ ಮುಟ್ಟಬೇಕು.

1992ರ ಜುಲೈ ತಿಂಗಳಿನಲ್ಲಿ ‘ಇಮೇಜಸ್ ಅಂಡ್ ವರ್ಡ್ಸ್’ ಎಂಬ ಆಲ್ಬಮ್ ಪ್ರಕಟವಾಯಿತು. ಅದರಲ್ಲಿ ಎಂಟು ಹಾಡುಗಳು. ಮೊದಲನೆಯದಾದ ‘ಪುಲ್ ಮಿ ಅಂಡರ್’ ಹ್ಯಾಮ್ಲೆಟ್ ರಾಜಕುಮಾರನ ದುಃಖವನ್ನು ಆಶ್ರಯಿಸಿದ್ದು. ಎಂಟು ನಿಮಿಷಗಳನ್ನು ಮೀರಿದರೂ ಅದು ರೇಡಿಯೋದಲ್ಲಿ ಜನಪ್ರಿಯವಾಯಿತು. ‘ಮೆಟ್ರೊಪೊಲಿಸ್’ ಎಂಬ ಹಾಡಿನ ನಡುವೆ ಹಲವು ನಿಮಿಷಗಳ ಕಾಲ ವಾದ್ಯಗಳದೇ ಆಳ್ವಿಕೆ, ಗಾಯಕನು ಸುಮ್ಮನಿರಬೇಕು. ಹೊಸಬನಿಗೆ ಇದು ಸಣ್ಣ ಪರೀಕ್ಷೆಯಲ್ಲ. ಆದರೆ ‘ವೇಟ್ ಫಾರ್ ಸ್ಲೀಪ್’ ಎಂಬ ಪುಟ್ಟ ಹಾಡಿನಲ್ಲಿ ಡ್ರಮ್ಮೂ ಗಿಟಾರೂ ಹಿಂದೆ ಸರಿದು, ಕೀಲಿಮಣೆಯ ಮೃದುನಾದದೊಡನೆ ಕಂಠವೊಂದೇ ಉಳಿಯುತ್ತದೆ. ಆ ಎರಡೂವರೆ ನಿಮಿಷಗಳಲ್ಲಿ ಮನೆಯು ಯಾರದೆಂಬ ಸಂದೇಹವು ಕೇಳುಗನಿಗೆ ಉಳಿಯುವುದಿಲ್ಲ.

ಶಾರೀರವು ಶರೀರಾಧೀನವೆಂಬ ಮಾತಿನ ಕಹಿಯಾದ ಅರ್ಥವನ್ನು ಲಾಬ್ರೀ ಅವರು ಕೆಲವೇ ವರ್ಷಗಳಲ್ಲಿ ಅನುಭವಿಸಿದರು. 1994ರ ಡಿಸೆಂಬರ್ ತಿಂಗಳಿನಲ್ಲಿ ಕ್ಯೂಬಾ ದೇಶದಲ್ಲಿ ವಿಶ್ರಮಿಸುತ್ತಿದ್ದಾಗ ಆಹಾರವು ವಿಷಮಿಸಿ, ವಾಂತಿಯ ರಭಸಕ್ಕೆ ಅವರ ಧ್ವನಿತಂತುಗಳಿಗೆ ತೀವ್ರವಾದ ಪೆಟ್ಟಾಯಿತು. ಮರುತಿಂಗಳೇ ಜಪಾನಿನಲ್ಲಿ ಕಚೇರಿಗಳಿದ್ದುವು. ಅವರು ಹೋಗಿ ಹಾಡಿದರು. ಪೂರ್ಣವಾಗಿ ಚೇತರಿಸಿಕೊಳ್ಳಲು ಹಲವು ವರ್ಷಗಳೇ ಹಿಡಿದುವು. ಆ ವರ್ಷಗಳಲ್ಲಿ ಮೇಳವು ಅವರನ್ನು ಬಿಡಲಿಲ್ಲ, ಅವರೂ ಮೇಳವನ್ನು ಬಿಡಲಿಲ್ಲ. ಬಂದ ದಿನ ದೊರೆತ ಸ್ಥಾನಕ್ಕಿಂತ ನೋವಿನಲ್ಲಿ ಉಳಿಸಿಕೊಂಡ ಸ್ಥಾನವು ದೊಡ್ಡದೆಂದು ಹೇಳಿದರೆ ತಪ್ಪಾಗಲಾರದು.

ಅಗಲಿದವರ ಗತಿಯೇನೆಂಬುದನ್ನೂ ಹೇಳಬೇಕು. ಹೊಸಬನನ್ನು ಹೊಗಳುವಾಗ ಹಳಬನನ್ನು ತೆಗಳುವುದು ಲೋಕದ ರೂಢಿ. ಈ ಮೇಳದವರು ಅದಕ್ಕೆ ಒಳಗಾಗಲಿಲ್ಲ. ಮೊದಲನೆಯ ಆಲ್ಬಮ್ಮಿಗೆ ಹದಿನೈದು ವರ್ಷ ತುಂಬಿದ 2004ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಅದನ್ನು ಪೂರ್ತಿಯಾಗಿ ನುಡಿಸಿದರು. ಡೊಮಿನಿಚಿಯವರ ಹಾಡುಗಳನ್ನು ಅಂದು ಲಾಬ್ರೀ ಹಾಡಿದರು. ಕಡೆಯಲ್ಲಿ ಡೊಮಿನಿಚಿಯವರೇ ವೇದಿಕೆಯನ್ನೇರಿ, ತಾವು ಹೋದಮೇಲೆ ಹೊರಬಂದ ಆಲ್ಬಮ್ಮಿನ ‘ಮೆಟ್ರೊಪೊಲಿಸ್’ ಹಾಡಿಗೆ ದನಿಗೂಡಿಸಿದರು. 2023ರಲ್ಲಿ ಡೊಮಿನಿಚಿಯವರು ಕಾಲವಾದರು. ಆ ಮೊದಲನೆಯ ಆಲ್ಬಮ್ಮಿನಲ್ಲಿ ಇಂದಿಗೂ ಕೇಳುವುದು ಅವರ ಕಂಠವೇ. ಅದನ್ನು ಅಳಿಸಬೇಕೆಂದು ಅವರ ಬಳಿಕ ಬಂದವರು ಎಂದೂ ಬಯಸಲಿಲ್ಲ.