ಮುಂದಿನ ಜಾತ್ರೆಗೆ ಯಾವ ಆಟ?

ಜಾತ್ರೆ ಮುಗಿದ ಮಾರನೆಯ ದಿನ ಬಯಲನ್ನು ನೋಡಬೇಕು. ತೇರಿನ ಗಾಲಿಯ ಗುರುತು, ತುಳಿದು ಹಸಿಯಾದ ಬಾಳೆಹಣ್ಣಿನ ಸಿಪ್ಪೆ, ಬೆಂಡು ಬತ್ತಾಸಿನ ಅಂಗಡಿಯವರು ಬಿಟ್ಟುಹೋದ ಖಾಲಿ ಡಬ್ಬ. ಇವುಗಳ ನಡುವೆ ತೊಟ್ಟಿಲಿನವರು ಕಬ್ಬಿಣದ ತೋಳುಗಳನ್ನು ಒಂದೊಂದಾಗಿ ಬಿಚ್ಚಿ ಲಾರಿಗೆ ಏರಿಸುತ್ತಿರುತ್ತಾರೆ. ಊರಿನವರಿಗೆ ಅಲ್ಲಿಗೆ ಜಾತ್ರೆ ಮುಗಿಯಿತು. ಶಿಕಾರಿಪುರದ ಒಬ್ಬ ಹುಡುಗನಿಗೆ ಮಾತ್ರ ಅದು ಅಲ್ಲಿಂದ ಶುರುವಾಗುತ್ತದೆ. ಹುಚ್ಚರಾಯ ಸ್ವಾಮಿಯ ತೇರು ಮುಗಿದ ಮರುದಿನ ಅವನು ಬಯಲಿಗೆ ಹೋಗಿ ಲಾರಿ ಕಟ್ಟುತ್ತಿರುವವರನ್ನು ಕೇಳುವುದು ಒಂದೇ ಪ್ರಶ್ನೆ: ‘ಮುಂದಿನ ವರ್ಷ ಏನ್ ತರ್ತೀರಿ?’

ಅವನು ಹತ್ತನೇ ತರಗತಿ. ಅಪ್ಪನದು ಟ್ರ್ಯಾಕ್ಟರ್ ರಿಪೇರಿ ಮಾಡುವ ಗ್ಯಾರೇಜು. ಅವನ ಈ ಹುಚ್ಚಿಗೆ ಜೊತೆಗಾತಿ ಸೊರಬದಲ್ಲಿರುವ ದೊಡ್ಡಮ್ಮನ ಮಗಳು, ಪಿಯುಸಿಯಲ್ಲಿ ವಿಜ್ಞಾನ ಓದುತ್ತಿರುವ ಅಕ್ಕ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಹಬ್ಬಕ್ಕೋ ರಜಕ್ಕೋ ಯಾರಾದರೂ ಒಬ್ಬರು ಇನ್ನೊಬ್ಬರ ಮನೆಗೆ ಹೋದರೆ, ಊಟಕ್ಕೆ ಕರೆಯುವವರೆಗೂ ಇವರ ಮಾತು ಅದೇ. ಕೊಲಂಬಸ್ ದೋಣಿ ಹಳೆಯದಾಯಿತು, ಬ್ರೇಕ್ ಡ್ಯಾನ್ಸ್ ಎಲ್ಲ ಕಡೆ ಇದೆ, ಟೋರಾ ಟೋರಾ ನೋಡಿ ಆಯಿತು. ಮುಂದೇನು? ಹಳಿಯ ಮೇಲೆ ಓಡುವ ರೋಲರ್ ಕೋಸ್ಟರ್ ಎಂದಾದರೂ ಜಾತ್ರೆಗೆ ಬಂದೀತೇ?

ಈ ಊಹೆಗಳಿಗೆಲ್ಲ ಒಂದು ನೋಟ್‌ಬುಕ್ಕಿದೆ. ಇನ್ನೂರು ಪುಟದ ಗೆರೆ ಪುಸ್ತಕ. ಪ್ರತಿ ಪುಟದಲ್ಲೂ ಮೂರು ಕಾಲಂ: ಖಚಿತ, ಸಾಧ್ಯ, ಆಸೆ. ಈ ಕಾಲಂ ಹಾಕಿಸಿದವಳು ಅಕ್ಕ. ಹುಡುಗನಿಗೆ ಯಾರು ಏನು ಹೇಳಿದರೂ ಅದು ಖಚಿತವೇ ಆಗಿತ್ತು. ‘ಯಾರು ಹೇಳಿದ್ರು? ನೋಡಿದವರು ಯಾರು? ದುಡ್ಡು ಹಾಕಿದವರು ಯಾರು? ಮೂರಕ್ಕೂ ಉತ್ತರ ಇಲ್ಲದಿದ್ರೆ ಅದು ಆಸೆ ಕಣೋ’ ಎಂದು ಅವಳು ಒಂದು ಸಂಜೆ ಗೆರೆ ಎಳೆದುಕೊಟ್ಟಳು. ಅಂದಿನಿಂದ ಅವನ ‘ಖಚಿತ’ದಲ್ಲಿದ್ದ ಮುಕ್ಕಾಲು ಪಾಲು ಸಂಗತಿಗಳು ‘ಆಸೆ’ಗೆ ಇಳಿದವು.

ಖಚಿತದ ಕಾಲಂನಲ್ಲಿ ಉಳಿದದ್ದು ಲೆಕ್ಕ ಮಾತ್ರ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಎರಡು ಮತ್ತು ಮೂರರ ಲಸಾಅ ಆರು. 2020ರಲ್ಲಿ ಎರಡೂ ಒಂದೇ ವರ್ಷ ಬಂದಿದ್ದವು. ಹಾಗಾದರೆ ಲೆಕ್ಕದ ಪ್ರಕಾರ 2026, ಆಮೇಲೆ 2032. ಎರಡು ದೊಡ್ಡ ಜಾತ್ರೆಗಳು ಅಕ್ಕಪಕ್ಕದ ಊರಿನಲ್ಲಿ ಒಂದೇ ವರ್ಷ ಬಂದರೆ ಲಾರಿ ಬಾಡಿಗೆ ಉಳಿಯುತ್ತದೆ, ಹಾಗಾಗಿ ದೊಡ್ಡ ಆಟದವರು ಬರುವುದು ಆ ವರ್ಷವೇ ಎಂಬುದು ಹುಡುಗನ ವಾದ. ಲಸಾಅದ ಅಧ್ಯಾಯವನ್ನು ಶಾಲೆಯಲ್ಲಿ ಕಷ್ಟಪಟ್ಟು ದಾಟಿದ್ದ ಅವನು ಇದನ್ನು ಹೇಳುವಾಗ ಮಾತ್ರ ಒಮ್ಮೆಯೂ ತಡವರಿಸುವುದಿಲ್ಲ.

‘ಸಾಧ್ಯ’ದ ಕಾಲಂ ಜಾತ್ರೆಯನ್ನು ದಾಟಿ ದೂರ ಹೋಗುತ್ತದೆ. ದೆಹಲಿಯಲ್ಲಿ 1984ರಲ್ಲಿ ಆರಂಭವಾದ ಅಪ್ಪು ಘರ್ 2008ರಲ್ಲಿ ಮುಚ್ಚಿತು. ಮುಂಬಯಿಯ ಎಸೆಲ್ ವರ್ಲ್ಡ್ 1989ರದ್ದು. ನಮ್ಮ ಬಿಡದಿಯ ಬಳಿ ವಂಡರ್‌ಲಾ ತೆರೆದದ್ದು 2005ರಲ್ಲಿ. 2013ರಲ್ಲಿ ಮಹಾರಾಷ್ಟ್ರದ ಖೋಪೋಲಿ ಹತ್ತಿರದ ಇಮ್ಯಾಜಿಕಾದಲ್ಲಿ ನೈಟ್ರೋ ಎಂಬ, ಕಾಲ ಕೆಳಗೆ ನೆಲವೇ ಇಲ್ಲದ ಕೋಸ್ಟರ್ ಬಂತು. ವಂಡರ್‌ಲಾದವರು ಚೆನ್ನೈ ಬಳಿ ಜಾಗ ಕೊಂಡಿದ್ದರೂ ಸ್ಥಳೀಯ ತೆರಿಗೆಯ ತಕರಾರಿನಿಂದ ಕೆಲಸ ವರ್ಷಗಟ್ಟಲೆ ನಿಂತಿತ್ತು. ಅಕ್ಕ ಅದನ್ನು ‘ಸಾಧ್ಯ’ದಲ್ಲೇ ಇಟ್ಟಿದ್ದಳು. 2025ರ ಡಿಸೆಂಬರ್‌ನಲ್ಲಿ ಆ ಪಾರ್ಕು ತೆರೆದ ದಿನ ಸೊರಬದಿಂದ ಶಿಕಾರಿಪುರಕ್ಕೆ ಫೋನ್ ಬಂತು: ‘ಖಚಿತಕ್ಕೆ ಹಾಕು.’ ಪಾರ್ಕೊಂದು ಬೆಳೆಯುವುದು ಹುಡುಗರ ಆಸೆಯಿಂದಲ್ಲ, ಜಾಗ, ತೆರಿಗೆ, ನೀರು, ರಸ್ತೆ ಎಲ್ಲ ಕೂಡಿ ಬಂದಾಗ ಎಂಬುದು ಇಬ್ಬರಿಗೂ ಹೀಗೆ ಅರ್ಥವಾಯಿತು.

ಮಾತಿಗಿಂತ ಹೆಚ್ಚು ನಡೆದದ್ದು ಪ್ರಯೋಗ. ಮಲೆನಾಡಿನ ಮನೆಯಲ್ಲಿ ಅಡಿಕೆ ದಬ್ಬೆಗೆ ಬರವೇ? ಹಿತ್ತಿಲಿನ ಇಳಿಜಾರಿನಲ್ಲಿ ದಬ್ಬೆಗಳನ್ನು ಸಾಲಾಗಿ ಜೋಡಿಸಿ ಗೋಲಿ ಉರುಳಿಸಿದರು. ತುದಿಗೆ ಹಳೆಯ ನೀರಿನ ಪೈಪನ್ನು ಉದ್ದಕ್ಕೆ ಸೀಳಿ, ಒಂದು ಅಡಿ ಅಗಲದ ಉಂಗುರದಂತೆ ಸುತ್ತಿ ಕಟ್ಟಿದರು. ಗೋಲಿ ಉಂಗುರದ ನೆತ್ತಿಯವರೆಗೆ ಹೋಗಿ ಪೊಟ್ಟೆಂದು ಬಿದ್ದಿತು. ಅಕ್ಕ ಪುಸ್ತಕದ ಸೂತ್ರ ತೆಗೆದಳು. ಉಂಗುರದ ತ್ರಿಜ್ಯದ ಎರಡೂವರೆ ಪಟ್ಟು ಎತ್ತರದಿಂದ ಬಿಟ್ಟರೆ ಸುತ್ತು ಹೊಡೆಯಬೇಕು, ಅಂದರೆ ಒಂದೂಕಾಲು ಅಡಿ. ಅಷ್ಟಕ್ಕೆ ಆಗಲಿಲ್ಲ. ಒಂದೂವರೆ ಅಡಿ ಎತ್ತರಿಸಿದಾಗ ಗೋಲಿ ಗಿರ್ರನೆ ಸುತ್ತಿ ಹೂವಿನ ಪಾತಿಗೆ ಹಾರಿತು. ಪುಸ್ತಕದ ಲೆಕ್ಕದಲ್ಲಿ ಉಜ್ಜಾಟವಿಲ್ಲ, ಗೋಲಿ ತನ್ನ ಸುತ್ತ ತಾನೇ ತಿರುಗಲು ತಿನ್ನುವ ಶಕ್ತಿಯೂ ಇಲ್ಲ. ದಬ್ಬೆಯಲ್ಲಿ ಎರಡೂ ಇವೆ.

ರೋಲರ್ ಕೋಸ್ಟರಿನ ಗುಟ್ಟೂ ಇಷ್ಟೇ. ಸಾಮಾನ್ಯ ಕೋಸ್ಟರಿನಲ್ಲಿ ಮೋಟರು ಚೈನಿನಿಂದ ಬೋಗಿಯನ್ನು ಮೊದಲ ಏರಿಗೆ ಎಳೆದು ಬಿಡುತ್ತದೆ. ಆಮೇಲಿನ ಓಟವೆಲ್ಲ ಆ ಎತ್ತರದ ಸಾಲ. ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುತ್ತದೆ, ಏರಿನಲ್ಲಿ ಮತ್ತೆ ಮೊದಲಿನಂತಾಗುತ್ತದೆ, ನಡುವೆ ಗಾಳಿ ಮತ್ತು ಘರ್ಷಣೆ ತಮ್ಮ ಪಾಲು ಕಿತ್ತುಕೊಳ್ಳುತ್ತವೆ. ಅದಕ್ಕೇ ಮುಂದಿನ ಯಾವ ಏರೂ ಮೊದಲಿನದಕ್ಕಿಂತ ಎತ್ತರವಿರುವುದಿಲ್ಲ. ಏರುವಾಗ ಕೇಳುವ ಟಕ್ ಟಕ್ ಸದ್ದು ಚೈನಿನದ್ದಲ್ಲ. ಚೈನು ತುಂಡಾದರೂ ಬೋಗಿ ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಕಚ್ಚಿಕೊಳ್ಳುವ ಕೊಕ್ಕೆಯದು. ಚಕ್ರಗಳು ಹಳಿಯ ಮೇಲೆ ಮಾತ್ರವಲ್ಲ, ಪಕ್ಕಕ್ಕೂ ಅಡಿಗೂ ಇರುತ್ತವೆ. ಎತ್ತಿನ ಗಾಡಿಯಂತೆ ಕುಳಿಗೆ ಹಾರಿ ಬೀಳುವ ಹಾಗಿಲ್ಲ.

ಇದೆಲ್ಲ ಒಂದೇ ದಿನದಲ್ಲಿ ಬಂದ ಬುದ್ಧಿಯಲ್ಲ. ಅಮೆರಿಕದ ಕೋನಿ ಐಲೆಂಡಿನಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಓಡಿಸಿದ ಬಂಡಿಯ ವೇಗ ಗಂಟೆಗೆ ಸುಮಾರು ಹತ್ತು ಕಿಲೋಮೀಟರ್, ಸೈಕಲ್ಲಿಗಿಂತ ನಿಧಾನ. ಅಲ್ಲೇ 1895ರಲ್ಲಿ ಪೂರ್ತಿ ದುಂಡಗಿನ ಸುತ್ತೊಂದನ್ನು ಕಟ್ಟಿದರು. ಕೂತವರ ಕುತ್ತಿಗೆ ನೋಯುತ್ತಿತ್ತು. ಕಾರಣವನ್ನು ಅಕ್ಕ ಲೆಕ್ಕ ಹಾಕಿ ತೋರಿಸಿದಳು. ದುಂಡು ಸುತ್ತಿನಲ್ಲಿ ನೆತ್ತಿ ದಾಟುವಷ್ಟು ವೇಗ ಬೇಕೆಂದರೆ ಬುಡದಲ್ಲಿ ಮೈಭಾರ ಆರು ಪಟ್ಟಾಗುತ್ತದೆ. ಐವತ್ತು ಕಿಲೋದ ಹುಡುಗನಿಗೆ ಮುನ್ನೂರು ಕಿಲೋ ಆದಂತೆ. ಇದಕ್ಕೆ ಒಳ್ಳೆಯ ಪರಿಹಾರ ಸಿಕ್ಕಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಪಾರ್ಕೊಂದರಲ್ಲಿ. ಜರ್ಮನಿಯ ಇಂಜಿನಿಯರ್ ವರ್ನರ್ ಸ್ಟೆಂಗೆಲ್ ಸುತ್ತನ್ನು ನೀರಿನ ಹನಿಯ ಆಕಾರಕ್ಕೆ ತಂದರು, ಬುಡದಲ್ಲಿ ಅಗಲ, ನೆತ್ತಿಯಲ್ಲಿ ಕಿರಿದು. ಎಂಬತ್ತು ವರ್ಷ ಬಗೆಹರಿಯದ ಕುತ್ತಿಗೆ ನೋವು ರೇಖಾಗಣಿತದಿಂದ ಬಗೆಹರಿಯಿತು.

ಆದರೆ ಹುಡುಗನ ಅಪ್ಪನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಮಧ್ಯಾವಧಿ ಪರೀಕ್ಷೆಯ ಹಿಂದಿನ ರಾತ್ರಿ ಗಣಿತದ ಪುಸ್ತಕದ ಅಡಿಯಲ್ಲಿದ್ದ, ತೊಟ್ಟಿಲು ದೋಣಿಗಳ ಚಿತ್ರ ತುಂಬಿದ ನೋಟ್‌ಬುಕ್ಕು. ‘ಆಟ ಆಡಿಸೋಕೆ ಯಾರಾದ್ರೂ ಓದ್ತಾರೇನೋ? ಜಾತ್ರೇಲಿ ಟಿಕೆಟ್ ಹರೀತೀಯಾ?’ ಎಂದು ಅದನ್ನು ಕಿತ್ತುಕೊಂಡು ಅಟ್ಟಕ್ಕೆ ಎಸೆದರು. ಹುಡುಗ ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟ. ಅಮ್ಮ ಇಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಊಟ ಬಡಿಸಿದರು.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. ಇದೇ ಅಪ್ಪ ಎಳೆಯ ವಯಸ್ಸಿನಲ್ಲಿ ಹೋರಿ ಹಬ್ಬದ ಅಖಾಡದಲ್ಲಿ ಕೊಬ್ಬರಿ ಹರಿಯಲು ನುಗ್ಗಿದವರು. ತೊಡೆಯ ಮೇಲೆ ಈಗಲೂ ಗೇಣುದ್ದದ ಗುರುತಿದೆ. ದೀಪಾವಳಿಯ ನಂತರ ಶಿಕಾರಿಪುರ, ಸೊರಬ ಸೀಮೆಯ ಹಳ್ಳಿಗಳಲ್ಲಿ ಹೋರಿ ಬೆದರಿಸುವಾಗ ಪ್ರಾಣ ಹೋದದ್ದೂ ಉಂಟು. ಆದರೂ ಎಳೆಯರು ಅಂಚಿನಲ್ಲಿ ನಿಂತು ಮೈ ಜುಮ್ಮೆನ್ನಿಸಿಕೊಳ್ಳುತ್ತಾರೆ. ಭಯದ ರುಚಿ ಈ ಸೀಮೆಗೆ ಹೊಸದಲ್ಲ. ಹೋರಿ ಯಾವ ಕಡೆ ತಿರುಗುತ್ತದೆ ಎಂದು ಮುಂಚೆ ಲೆಕ್ಕ ಹಾಕಲಾಗುವುದಿಲ್ಲ, ಕೋಸ್ಟರಿನ ತಿರುವನ್ನು ಹಾಕಬಹುದು. ಅಷ್ಟೇ ವ್ಯತ್ಯಾಸ. ಆದರೆ ಆ ಲೆಕ್ಕ ಕಾಗದದ ಮೇಲಿದ್ದರೆ ಸಾಲದು, ಪ್ರತಿ ದಿನ ಬೆಳಿಗ್ಗೆ ನಟ್ಟು ಬೋಲ್ಟಿನಲ್ಲೂ ಇರಬೇಕು. ಅದು ತಿಳಿದದ್ದು ಮುಂದಿನ ಒಂದು ಜಾತ್ರೆಯಲ್ಲಿ.

ಅಂದು ಎರಡೂ ಮನೆಯವರು ಒಟ್ಟಿಗೆ ಹೋಗಿದ್ದರು. ಮಕ್ಕಳ ಡ್ರ್ಯಾಗನ್ ರೈಲು ತಿರುಗುತ್ತಿತ್ತು. ಚಿಕ್ಕ ತಂಗಿಯನ್ನು ಹತ್ತಿಸಲು ಹೋದ ಹುಡುಗ ಸೀಟಿನ ಅಡ್ಡಕಂಬಿಯನ್ನು ಅಲ್ಲಾಡಿಸಿ ನೋಡಿದ. ಕಂಬಿಯ ತುದಿಯಲ್ಲಿ ಪಿನ್ನು ಇರಬೇಕಾದಲ್ಲಿ ತುಕ್ಕು ಹಿಡಿದ ತಂತಿ ಸುತ್ತಿತ್ತು. ‘ಏನೂ ಆಗಲ್ಲ, ಕೂರಿಸಿ’ ಎಂದ ಆಟದವನು. ಹಿಂದೆ ಜನ ನೂಕುತ್ತಿದ್ದರು. ತಂಗಿ ಹಟ ಹಿಡಿದು ಅಳುತ್ತಿದ್ದಳು. ಹುಡುಗ ಅವಳನ್ನು ಎತ್ತಿ ಕೆಳಗಿಳಿಸಿ ಅಲ್ಲೇ ನಿಂತ.

‘ಚಿಕ್ಕಪ್ಪಾ, ಒಂಚೂರು ಬನ್ನಿ ಇಲ್ಲಿ’ ಎಂದು ಅಕ್ಕ ಕೂಗಿದಳು.

ಅಪ್ಪ ಬಂದು ಬಗ್ಗಿ ನೋಡಿದರು. ಒಂದು ಸೀಟಲ್ಲ, ಎಂಟರಲ್ಲೂ ಕೈಯಾಡಿಸಿದರು. ‘ಮಷೀನ್ ಆಫ್ ಮಾಡಪ್ಪ’ ಎಂದರು. ದನಿ ಎತ್ತರಿಸಲಿಲ್ಲ. ಗ್ಯಾರೇಜಿನವರ ಜೇಬಿನಲ್ಲಿ ಏನಿಲ್ಲ? ಷರ್ಟಿನ ಜೇಬಿನಿಂದ ಎರಡು ಪಿನ್ನು ತೆಗೆದರು, ಅಳತೆ ಕೂಡಿದ್ದನ್ನು ಹಾಕಿ ತುದಿ ಬಗ್ಗಿಸಿದರು. ಇನ್ನೊಂದು ಸೀಟಿಗೆ ಸರಿಯಾದದ್ದು ಸಿಗಲಿಲ್ಲ. ‘ಇದಕ್ಕೆ ಯಾರನ್ನೂ ಕೂರಿಸಬೇಡ’ ಎಂದು ಹಗ್ಗ ಕಟ್ಟಿಸಿದರು. ಆಟ ನಡೆಸುತ್ತಿದ್ದವನಿಗೆ ಹತ್ತೊಂಬತ್ತು ಇದ್ದೀತು. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ, ಹಿಂದಿನ ಊರಲ್ಲಿ ಬಿಚ್ಚಿ ಇಲ್ಲಿ ಕಟ್ಟುವಷ್ಟರಲ್ಲಿ ಬೆಳಗಾಯಿತು ಎಂದ. ಅಪ್ಪ ಅವನಿಗೆ ಟೀ ಕೊಡಿಸಿದರು.

ಮನೆಗೆ ಬರುವಾಗ ದಾರಿಯಲ್ಲಿ ಅವರು ಆಡಿದ್ದು ಒಂದೇ ಮಾತು: ‘ಅದು ಪಿನ್ನಿನ ತಪ್ಪಲ್ಲ, ನಿದ್ದೆಯ ತಪ್ಪು.’

ಎರಡು ದಿನ ಬಿಟ್ಟು ನೋಟ್‌ಬುಕ್ಕು ಅಟ್ಟದಿಂದ ಇಳಿದು ಹುಡುಗನ ಮೇಜಿನ ಮೇಲೆ ಬಂದಿತ್ತು. ಯಾರೂ ಏನೂ ಹೇಳಲಿಲ್ಲ. ತೆರೆದು ನೋಡಿದರೆ ಮೂರು ಕಾಲಂಗಳ ಪಕ್ಕ ಪೆನ್ಸಿಲ್ಲಿನಲ್ಲಿ ನಾಲ್ಕನೆಯ ಗೆರೆ. ಮೇಲೆ ಗ್ಯಾರೇಜಿನ ಬಿಲ್ಲಿನಲ್ಲಿ ಕಾಣುವ ಅದೇ ದಪ್ಪ ಅಕ್ಷರ: ‘ನೋಡಿಕೊಳ್ಳೋರು ಯಾರು?’

ಈ ನಾಲ್ಕನೆಯ ಕಾಲಂ ಬಂದ ಮೇಲೆ ಊಹೆಗಳ ರೀತಿಯೇ ಬದಲಾಯಿತು. ಕೃಷ್ಣರಾಜಸಾಗರದ ಬಳಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು ಮಾಡುವುದಾಗಿ 2018ರಲ್ಲಿ ಸರ್ಕಾರ ಹೇಳಿತ್ತು. ಅಣೆಕಟ್ಟೆಗೆ ಏನಾಗುತ್ತದೆ, ನಮ್ಮ ಹೊಲಕ್ಕೆ ಏನಾಗುತ್ತದೆ ಎಂದು ರೈತರು ಕೇಳಿದರು. ಹಿಂದೆ ಹುಡುಗ ಅದರ ಎದುರು ಕೆಂಪು ಶಾಯಿಯಲ್ಲಿ ಮೂರು ನಕ್ಷತ್ರ ಹಾಕಿದ್ದ. ಈಗ ಅದರ ಮುಂದೆ ಒಂದು ಪ್ರಶ್ನೆಚಿಹ್ನೆಯಿದೆ. ಅಂಜನಾಪುರ ಜಲಾಶಯದ ದಡದಲ್ಲೊಂದು ರೋಲರ್ ಕೋಸ್ಟರ್ ಎಂಬ ಅವನ ಸ್ವಂತ ಯೋಜನೆ ‘ಆಸೆ’ಯಲ್ಲೇ ಇದೆ. ಅದನ್ನು ಅಳಿಸಿಲ್ಲ. ಆಸೆಯ ಕಾಲಂ ಖಾಲಿಯಿರಬಾರದು ಎನ್ನುತ್ತಾಳೆ ಅಕ್ಕ. ಅವಳಿಗೆ ಈಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರುವ ಮನಸ್ಸು. ಹುಡುಗಿಗೆ ಅದು ಯಾಕೆ ಎನ್ನುತ್ತಿದ್ದ ದೊಡ್ಡಪ್ಪನ ಹತ್ತಿರ ಆ ಮಾತನ್ನು ಮೊದಲು ಎತ್ತಿದವರು ಶಿಕಾರಿಪುರದ ಗ್ಯಾರೇಜಿನ ಚಿಕ್ಕಪ್ಪ.

ಕಾಲೇಜಿನ ಪ್ರವಾಸದಲ್ಲಿ ಅವಳು ಬಿಡದಿಗೆ ಹೋಗಿ ಬಂದಳು. ರೀಕಾಯಿಲ್ ಎಂಬ ಆಟ ಬೋಗಿಯನ್ನು ಹಿಂದಕ್ಕೆ ಎಳೆದು ಬಿಡುತ್ತದೆ, ಸುತ್ತು ಹೊಡೆಸಿ ಇನ್ನೊಂದು ತುದಿಗೆ ಏರಿಸುತ್ತದೆ, ಅಲ್ಲಿಂದ ಅದೇ ದಾರಿಯಲ್ಲಿ ಬೆನ್ನು ಹಿಂದಾಗಿ ಮರಳಿ ತರುತ್ತದೆ. ಕಣ್ಣು ಮುಚ್ಚಲಿಲ್ಲ ಎಂದು ಅವಳು ಹೇಳಿದಳು, ಹುಡುಗ ನಂಬಲಿಲ್ಲ. ಅಪ್ಪ ಪಕ್ಕದಲ್ಲಿ ಕುಳಿತು ಮಂಡಕ್ಕಿ ತಿನ್ನುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ವೇಗ ಎಷ್ಟು, ಎತ್ತರ ಎಷ್ಟು ಎಂದು ಅವರು ಕೇಳಲಿಲ್ಲ.

‘ಬೆಳಿಗ್ಗೆ ಮೊದಲನೇ ಸಲ ಖಾಲಿ ಓಡಿಸಿ ನೋಡ್ತಾರಂತಾ?’ ಎಂದರು.

‘ಹೌದು ಚಿಕ್ಕಪ್ಪ. ಜನ ಬಿಡೋ ಮುಂಚೆ.’

‘ಹಂಗಾದ್ರೆ ಪರವಾಗಿಲ್ಲ’ ಎಂದು ಅವರು ಮಗನ ಕಡೆ ತಿರುಗಿದರು. ‘ಬಸ್ ಚಾರ್ಜ್ ಎಷ್ಟಾಗ್ತದೆ ನೋಡೋ.’

ಹುಡುಗ ನೋಟ್‌ಬುಕ್ಕು ತೆರೆದು ‘ಸಾಧ್ಯ’ದ ಕಾಲಂನಲ್ಲಿ ಬರೆದುಕೊಂಡ. ಟಿಕೆಟ್ ಕೈಗೆ ಬರುವವರೆಗೆ ಅದನ್ನು ಖಚಿತ ಎನ್ನಲಾಗದಷ್ಟು ಅವನು ಈಗ ಕಲಿತಿದ್ದ.